ಚೈನ್‌ಸಾದ ಮುರಿದ ಲಿವರ್, ಸೀಳಿದ ಟ್ರಿಗರ್: ಯಾವ ರಿಪೇರಿ ನಿಲ್ಲುತ್ತದೆ?

ಚೈನ್‌ಸಾದಲ್ಲಿ ಎಂಜಿನ್ನಿಗಿಂತ ಮೊದಲು ಕೈಕೊಡುವುದು ಪ್ಲಾಸ್ಟಿಕ್. ಚೋಕ್ ಲಿವರ್ ಬುಡದಲ್ಲಿ ತುಂಡಾಗುತ್ತದೆ. ಟ್ರಿಗರ್‌ನಲ್ಲಿ ಪಿನ್ ಕೂರುವ ತೂತಿನ ಸುತ್ತ ಸೀಳು ಬರುತ್ತದೆ. ಸ್ಟಾಪ್ ಸ್ವಿಚ್ಚಿನ ತಲೆ ಹಾರಿಹೋಗುತ್ತದೆ. ಎಂಜಿನ್ ಗಟ್ಟಿಮುಟ್ಟಾಗಿಯೇ ಇರುತ್ತದೆ, ಆದರೆ ಹೆಬ್ಬೆರಳಿನಷ್ಟು ಉದ್ದದ ತುಂಡಿಗಾಗಿ ಮಶೀನು ಮೂಲೆ ಸೇರುತ್ತದೆ. ನನ್ನ ಹಳೆಯ ಮಶೀನುಗಳಲ್ಲಿ ಇವೆಲ್ಲ ಒಂದಾದ ಮೇಲೊಂದು ಮುರಿದವು. ಹಾಗಾಗಿ ಸೂಪರ್ ಗ್ಲೂನಿಂದ ಹಿಡಿದು ಒರಿಜಿನಲ್ ಪಾರ್ಟ್‌ವರೆಗೆ ಎಲ್ಲವನ್ನೂ ಹಾಕಿ ನೋಡಿದ್ದೇನೆ.

ಒಂದನ್ನು ಮಾತ್ರ ಈ ಹೋಲಿಕೆಗೆ ಸೇರಿಸಿಲ್ಲ. ಮುಂದಿನ ಹಿಡಿಯ ಎದುರಿಗೆ ಇರುತ್ತಲ್ಲ, ಆ ಹ್ಯಾಂಡ್ ಗಾರ್ಡ್. ಅದು ಬರೀ ಗಾರ್ಡ್ ಅಲ್ಲ, ಚೈನ್ ಬ್ರೇಕ್ ಹಾಕುವ ಲಿವರ್ ಕೂಡ ಅದೇ. ಬಾರ್ ತುದಿ ಎಲ್ಲೋ ತಗುಲಿ ಮಶೀನು ಮುಖದ ಕಡೆ ಚಿಮ್ಮಿದಾಗ ಚೈನು ನಿಲ್ಲುವುದು ಅದರಿಂದ. ಅದರಲ್ಲಿ ಬಿರುಕು ಕಂಡರೆ ಹೊಸದೇ ಹಾಕಿ. ಅಂಟಿನ ಮಾತೇ ಬೇಡ.

ಉಳಿದವಕ್ಕೆ ಬರೋಣ. ಮುರಿದ ತುಂಡನ್ನು ತಿರುವಿ ಹಿಂಬದಿ ನೋಡಿ. ಸಣ್ಣ ಅಕ್ಷರದಲ್ಲಿ ಪಿಎ6-ಜಿಎಫ್30 ಅಂತಲೋ ಅದೇ ಥರದ್ದೋ ಅಚ್ಚಾಗಿರಬಹುದು. ಅಂದರೆ ನೈಲಾನ್ 6, ಅದರಲ್ಲಿ ತೂಕದ 30 ಶೇಕಡಾ ಗಾಜಿನ ಎಳೆ. ಮುರಿದ ಮುಖ ಒರಟಾಗಿ, ಪುಡಿ ಉದುರಿದ ಹಾಗೆ ಕಾಣುವುದು ಈ ಎಳೆಗಳಿಂದಲೇ. ಪೆಟ್ರೋಲಿಗೆ, ಬಿಸಿಗೆ ಇದು ಚೆನ್ನಾಗಿ ತಡೆಯುತ್ತದೆ. ಆದರೆ ಅಂಟು ಇದನ್ನು ಸರಿಯಾಗಿ ಹಿಡಿಯುವುದಿಲ್ಲ.

ಸೂಪರ್ ಗ್ಲೂ ಹಾಕಿದ ಚೋಕ್ ಲಿವರ್ ಮೇಜಿನ ಮೇಲೆ ಹೊಸದರಂತೆಯೇ ಇತ್ತು. ಮಶೀನಿಗೆ ಹಾಕಿ ಸ್ವಲ್ಪ ಹೊತ್ತು ಕೊಯ್ದ ಮೇಲೆ ಚೋಕ್ ಎಳೆದರೆ ಅದೇ ಜಾಗದಲ್ಲಿ ಕಿತ್ತುಬಂತು. ಅಂಟು ಕೂರಲು ಸಿಗುವುದೇ ಬೆಂಕಿಕಡ್ಡಿ ದಪ್ಪದ ಜಾಗ, ಮೇಲೆ ಎಣ್ಣೆ ಜಿಡ್ಡು, ಅದುರುವಿಕೆ, ಬಿಸಿ. ಅಡುಗೆ ಸೋಡಾ ಉದುರಿಸಿ ಅದರ ಮೇಲೆ ಗ್ಲೂ ಬಿಡುವ ಉಪಾಯವೂ ಇದೆ. ಕ್ಷಣದಲ್ಲಿ ಕಲ್ಲಾಗುತ್ತದೆ ನಿಜ, ಆದರೆ ಕಲ್ಲು ಬಾಗುವುದಿಲ್ಲ ಅಲ್ವಾ, ಲಿವರ್ ಬಾಗಲೇಬೇಕು. ಫಿಲ್ಟರ್ ಕವರಿನ ಬಿರುಕಿಗೆ ಇದು ಸಾಕು. ಟ್ರಿಗರ್ ಹತ್ತಿರ ಮಾತ್ರ ನೀರಿನಂತಹ ಗ್ಲೂ ತರಲೇಬೇಡಿ. ಸಂದಿಯಲ್ಲಿ ಇಳಿದು ಪಿನ್ ಹಿಡಿದುಕೊಂಡರೆ ಬೆರಳು ಬಿಟ್ಟರೂ ಚೈನು ಓಡುತ್ತಲೇ ಇರುತ್ತದೆ.

ಎರಡು ಟ್ಯೂಬಿನ ಎಪಾಕ್ಸಿ ಇದಕ್ಕಿಂತ ವಾಸಿ, ಆದರೆ ಒಂದು ಷರತ್ತಿನ ಮೇಲೆ. ಎರಡೂ ತುಂಡಿಗೆ 1 ಮಿಮೀ ತೂತು ಕೊರೆದು, ಒಳಗೆ ಉಕ್ಕಿನ ತಂತಿಯ ತುಂಡು ಇಟ್ಟು ಕೂರಿಸಬೇಕು. ಆಗ ಭಾರ ಹೊರುವುದು ತಂತಿ, ಎಪಾಕ್ಸಿ ಸುಮ್ನೆ ಜೊತೆಗಿರುತ್ತದೆ.

ನನಗೆ ಹಿಡಿಸಿದ್ದು ಬೆಸುಗೆ. ಸೋಲ್ಡರಿಂಗ್ ಐರನ್ ಸಾಕು. ನೈಲಾನ್ 6 ಕರಗುವುದು ಸುಮಾರು 220 ಡಿಗ್ರಿಯಲ್ಲಿ. ತುಂಬಲು ಕಪ್ಪು ಕೇಬಲ್ ಟೈ ಬಳಸಿದೆ, ಅದೂ ನೈಲಾನೇ. ಹೆಚ್ಚಿನವು ನೈಲಾನ್ 66, ಕರಗಲು 260 ಡಿಗ್ರಿ ಹತ್ತಿರ ಬೇಕು, ಹಾಗಾಗಿ ಐರನ್ ಸ್ವಲ್ಪ ಜಾಸ್ತಿ ಬಿಸಿ ಇರಲಿ. ಮೊದಲು ಬಿರುಕಿಗೆ ಅಡ್ಡಲಾಗಿ ಸ್ಟೇಪಲ್ ಪಿನ್ ಬಿಸಿ ಮಾಡಿ ಒಳಗೆ ಒತ್ತಿದೆ, ಆಮೇಲೆ ಮೇಲಿಂದ ಕರಗಿಸಿ ಮುಚ್ಚಿದೆ. ಕರಗಿದ್ದು ನೊರೆ ನೊರೆಯಾಗಿ ಉಬ್ಬಿದರೆ ಒಳಗೆ ತೇವ ಇದೆ ಅಂತ. ನೈಲಾನ್ ಗಾಳಿಯ ತೇವವನ್ನು ಹೀರುತ್ತದೆ, ಮೊದಲೇ ಬೆಚ್ಚಗಿನ ಜಾಗದಲ್ಲಿ ಒಣಗಿಸಿದರೆ ಬೆಸುಗೆ ಗಟ್ಟಿ ಕೂರುತ್ತದೆ. ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ. ತುಂಡನ್ನು ಮಶೀನಿನಿಂದ ಬಿಚ್ಚಿ, ಪೆಟ್ರೋಲ್ ಒರೆಸಿ, ಟ್ಯಾಂಕಿನಿಂದ ದೂರ ತಂದೇ ಕೆಲಸ ಮಾಡಿ. ಕೊನೆಗೆ ಅರ ಹಾಕಿ ಉಜ್ಜಬೇಕು, ಇಲ್ಲದಿದ್ದರೆ ಲಿವರ್ ತನ್ನ ಸೀಳಿನಲ್ಲಿ ಆಡುವುದಿಲ್ಲ. ನೋಡಲು ಚೆಂದ ಇಲ್ಲ, ಆದರೆ ಆ ಲಿವರ್ ಇವತ್ತಿಗೂ ಕೆಲಸ ಮಾಡುತ್ತಿದೆ.

ತ್ರೀಡಿ ಪ್ರಿಂಟ್ ಮಾತಿನಲ್ಲಿ ಎಲ್ಲಕ್ಕಿಂತ ಚೆಂದ. ಪ್ರಿಂಟಿಗೆ ಬಳಸುವ ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ, ಸಿಲಿಂಡರ್ ಪಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಇನ್ನೊಂದು ಪ್ಲಾಸ್ಟಿಕ್ ಎಬಿಎಸ್‌ಗೂ ಪೆಟ್ರೋಲಿಗೂ ಆಗಿಬರುವುದಿಲ್ಲ. ನೈಲಾನಿನಲ್ಲೇ ಮಾಡಿಸಿದರೆ ಪರವಾಗಿಲ್ಲ, ಅದೂ ಲಿವರನ್ನು ಮಲಗಿಸಿ ಪ್ರಿಂಟ್ ಮಾಡಿದರೆ. ನಿಲ್ಲಿಸಿ ಮಾಡಿದರೆ ಪದರದ ಗೆರೆಯಲ್ಲೇ ಮುರಿಯುತ್ತದೆ. ಪಾರ್ಟ್ ಎಲ್ಲೂ ಸಿಗದ ಮಾಡೆಲ್ ಆದರೆ ಮಾತ್ರ ಈ ದಾರಿ.

ಡೂಪ್ಲಿಕೇಟ್ ಪಾರ್ಟ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟೇನೂ ಒಳ್ಳೆಯದಲ್ಲ. ಹಾಕಿದ ಟ್ರಿಗರ್‌ನ ಅಂಚಿನಲ್ಲಿ ಅಚ್ಚಿನ ತೆಳು ಪದರ ಹಾಗೇ ಉಳಿದಿತ್ತು, ಪಿನ್ನಿನ ತೂತು ಬಿಗಿ. ಅದನ್ನೆಲ್ಲ ಕೆರೆದು ಸರಿ ಮಾಡಬಹುದು. ಸರಿಯಾಗದ್ದು ಬೇರೆ ಇತ್ತು. ಟ್ರಿಗರ್‌ನ ಒಳಗಿನ ಕಾಲು ಕೂದಲೆಳೆಯಷ್ಟು ಗಿಡ್ಡ. ಪೂರ್ತಿ ಒತ್ತಿದರೂ ಕಾರ್ಬ್ಯುರೇಟರಿನ ಚಿಟ್ಟೆ, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ತಿರುಗು ತಟ್ಟೆ, ಪೂರ್ತಿ ತೆರೆಯುತ್ತಿರಲಿಲ್ಲ. ಫಿಲ್ಟರ್ ಬಿಚ್ಚಿ ಕಣ್ಣಾರೆ ನೋಡದಿದ್ದರೆ ಎಂಜಿನ್ನೇ ಸೋತಿದೆ ಅಂದುಕೊಳ್ಳಬೇಕು. ಚೋಕ್ ಗುಬುಟು, ಕವರಿನಂಥವಕ್ಕೆ ಡೂಪ್ಲಿಕೇಟ್ ನಡೆಯುತ್ತದೆ. ಹಾಕುವ ಮೊದಲು ಬಿಸಿನೀರಿನಲ್ಲಿ ನೆನೆಸಿಡಿ. ಬೆಸೆಯುವಾಗ ಬೇಡವಾದ ತೇವ ಇಲ್ಲಿ ಬೇಕು: ಒಣ ನೈಲಾನ್ ಸಿಡಿಯುತ್ತದೆ, ನೀರು ಕುಡಿದದ್ದು ಬಾಗಿ ತಡೆಯುತ್ತದೆ.

ಸತ್ತ ಮಶೀನಿನಿಂದ ಬಿಚ್ಚಿದ ಪಾರ್ಟ್ ಡೂಪ್ಲಿಕೇಟಿಗಿಂತ ಎಷ್ಟೋ ಮೇಲು, ಅಳತೆ ಕರಾರುವಾಕ್ಕಾಗಿರುತ್ತದೆ. ಮೂಲೆಗಳಲ್ಲಿ ಬಿಳಿ ಗೆರೆ ಇದ್ದರೆ ಬಿಡಿ, ಅದು ಮುರಿಯಲು ಸಿದ್ಧವಾಗಿದೆ.

ಟ್ರಿಗರ್, ಅದರ ಮೇಲಿನ ಲಾಕ್, ಸ್ಟಾಪ್ ಸ್ವಿಚ್ ಈ ಮೂರಕ್ಕೆ ಈಗ ಒರಿಜಿನಲ್ ಬಿಟ್ಟು ಬೇರೆ ಹಾಕುವುದಿಲ್ಲ. ಹೆಚ್ಚಿನ ಮಶೀನುಗಳಲ್ಲಿ ಸ್ವಿಚ್ ಇಗ್ನಿಷನ್ ಕಾಯಿಲನ್ನು ಬಾಡಿಗೆ ಮುಟ್ಟಿಸಿ ಎಂಜಿನ್ ನಿಲ್ಲಿಸುತ್ತದೆ. ಆ ಸಂಪರ್ಕ ತಪ್ಪಿದರೆ ಎಂಜಿನ್ ನಿಲ್ಲುವುದೇ ಇಲ್ಲ. ಹಾಗೇನಾದರೂ ಆದರೆ ಚೋಕ್ ಪೂರ್ತಿ ಎಳೆಯಿರಿ, ಉಸಿರುಕಟ್ಟಿ ನಿಲ್ಲುತ್ತದೆ. ಒರಿಜಿನಲ್ ತರಿಸುವಾಗ ಮಾಡೆಲ್ ಹೆಸರೊಂದನ್ನೇ ಹೇಳಬೇಡಿ, ಒಂದೇ ಮಾಡೆಲ್ಲಿನಲ್ಲಿ ಮಧ್ಯೆ ಪಾರ್ಟ್ ಬದಲಾಗಿರಬಹುದು. ಹಳೆಯ ತುಂಡಿನ ಮೇಲೆ ನಂಬರ್ ಇದ್ದರೆ ಅದನ್ನೂ, ಮಶೀನಿನ ಸೀರಿಯಲ್ ನಂಬರನ್ನೂ ಕೊಡಿ.

ಯಾವುದನ್ನೇ ಹಾಕಿ, ಮೊದಲು ಆ ಜಾಗದ ಮರದ ಪುಡಿ ಕೆರೆದು ತೆಗೆಯಿರಿ. ಎಣ್ಣೆ ಕುಡಿದು ಗಟ್ಟಿಯಾದ ಪುಡಿಯಿಂದ ಲಿವರ್ ಬಿಗಿಯಾಗುತ್ತದೆ, ನಾವು ಜೋರಾಗಿ ಎಳೆಯುತ್ತೇವೆ, ಮುರಿಯುತ್ತದೆ. ಜೋಡಿಸಿದ ಮೇಲೆ ಎಂಜಿನ್ ಆಫ್ ಇರುವಾಗಲೇ ನೋಡಿ: ಲಾಕ್ ಒತ್ತದೆ ಟ್ರಿಗರ್ ಅಲುಗಬಾರದು, ಬಿಟ್ಟ ತಕ್ಷಣ ಟಪ್ಪೆಂದು ವಾಪಸ್ ಬರಬೇಕು. ಆಮೇಲೆ ಸ್ಟಾರ್ಟ್ ಮಾಡಿ. ಐಡಲ್‌ನಲ್ಲಿ ಚೈನು ತಿರುಗಬಾರದು, ಸ್ವಿಚ್ ಒತ್ತಿದರೆ ಎಂಜಿನ್ ನಿಲ್ಲಬೇಕು.