155 ಕೊಂಡು ಕೆಟ್ಟೆ, 100 ಹಾಕಿ ಗೆದ್ದೆ

ಹಾಯಿದೋಣಿಯ ಮುಂಹಾಯಿ, ಅಂದರೆ ಕಂಬದ ಮುಂದಿನ ಹಾಯಿ, 100 ನಂಬರಿನ ಚಿಕ್ಕದಿರಬೇಕೋ 155ರ ದೊಡ್ಡದಿರಬೇಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 100ಕ್ಕೆ. 155ರ ಜೊತೆ ಒಂದು ಬೇಸಿಗೆ ಪೂರ್ತಿ ಒದ್ದಾಡಿದ ಮೇಲಿನ ಮಾತಿದು.

ನಾವು ಮೂವರು ಪಾಲು ಹಾಕಿ ಕೊಂಡ 27 ಅಡಿಯ ಹಳೇ ಹಾಯಿದೋಣಿ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದ ಬರ್ಕ್ಲಿಯಲ್ಲಿದೆ. ಕಂಬದಿಂದ, ಮುಂಹಾಯಿ ಕಟ್ಟುವ ಮುಂದಿನ ತಂತಿಯ ಬುಡಕ್ಕೆ 10 ಅಡಿ. ಮುಂಹಾಯಿಯ ನಂಬರು ಅಂದರೆ ಈ ಅಳತೆಯ ಶೇಕಡಾ ಎಷ್ಟು ಅನ್ನೋದು. ತಂತಿಯಿಂದ ಹಾಯಿಯ ಹಿಂಮೂಲೆಗೆ ಅಡ್ಡ ಅಳೆದರೆ 100ರ ಜಿಬ್ (ಚಿಕ್ಕ ಮುಂಹಾಯಿ) 10 ಅಡಿ, 155ರ ಜೆನೋವಾ (ಕಂಬ ದಾಟಿ ಹಿಂದೆ ಚಾಚುವ ದೊಡ್ಡದು) ಹದಿನೈದೂವರೆ. ರೇಸ್‌ನಲ್ಲಿ ಬೇರೆ ಬೇರೆ ದೋಣಿಗಳನ್ನು ಸರಿದೂಗಿಸೋ ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ 155ರ ತನಕ ದಂಡ ಇಲ್ಲ. ಬಿಟ್ಟಿ ಸಿಗೋ ಬಟ್ಟೆ ಯಾಕೆ ಬಿಡೋದು ಅಂತ ದೊಡ್ಡದನ್ನೇ ತಂದೆವು.

ತಲೆನೋವು ಶುರುವಾಗಿದ್ದು ಟ್ಯಾಕ್ ಮಾಡುವಾಗ, ಅಂದರೆ ಗಾಳಿಗೆ ಎದುರಾಗಿ ತಿರುಗಿ ಹಾಯಿಯನ್ನು ಇನ್ನೊಂದು ಮಗ್ಗುಲಿಗೆ ದಾಟಿಸುವಾಗ. ದೋಣಿ ಗಾಳಿಗೆ ಮುಖ ತಿರುಗಿಸಿದಾಗಲೆಲ್ಲ ಕಂಬ ದಾಟಿ ಹಿಂದೆ ಚಾಚಿದ ಅಷ್ಟೂ ಬಟ್ಟೆ ಈ ಕಡೆಯಿಂದ ಆ ಕಡೆಗೆ ಬರಬೇಕು. ಹಗ್ಗದ ಗಂಟು ಕಂಬವನ್ನು ಹಿಡಿದಿರುವ ಪಕ್ಕದ ತಂತಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಿದರೆ ಹಾಯಿಯ ಅಂಚು ಕಟಕಟೆಯ ತಂತಿ ಮೇಲೆ ಕೂತಿರುತ್ತದೆ. ಒಬ್ಬ ಮುಂದೆ ಓಡಿ ಒಳಗೆ ಎಳೆಯಬೇಕು. ಒಬ್ಬ ಚುಕ್ಕಾಣಿಗೆ, ಒಬ್ಬ ಹಗ್ಗ ಸುತ್ತಿ ಬಿಗಿಯೋ ವಿಂಚ್‌ಗೆ. ಕಂಬದ ಹಿಂದಿನ ಮುಖ್ಯ ಹಾಯಿ ನೋಡೋಕೆ ಯಾರಿದ್ದಾರೆ?

ಒಂದು ಶುಕ್ರವಾರ ಸಂಜೆಯ ರೇಸ್‌ನಲ್ಲಿ ವಿಂಚ್ ನನ್ನ ಕೈಯಲ್ಲಿತ್ತು. "ಸಾಕು ಮಾರಾಯ, ಬಿಡು" ಅಂದ ಗೆಳೆಯ. "ಇನ್ನೊಂದೇ ಸುತ್ತು" ಅಂದೆ. ಪರ್ರ್ ಅಂತ ಸದ್ದು. ಕಂಬದ ಅಡ್ಡಕೋಲಿನ ತುದಿ ಹಾಯಿಯೊಳಗೆ ಹೊಕ್ಕು ಅಂಗೈ ಅಗಲ ಆಕಾಶ ಕಾಣಿಸುತ್ತಿತ್ತು. ರಿಪೇರಿಯವನು ತೇಪೆ ಹಾಕಿಕೊಡುತ್ತಾ, "ಈ ಜಾಗಕ್ಕೆ ಮೊದಲೇ ತೇಪೆ ಹೊಲಿಸಿಕೊಂಡಿರಬೇಕಿತ್ತು ಅಲ್ವಾ?" ಅಂತ ಕೇಳಿದ. ಏನು ಹೇಳೋದು!

ಇನ್ನು ಗಾಳಿ. ಬೇಸಿಗೆ ಮಧ್ಯಾಹ್ನ ಒಳನಾಡಿನ ಕಣಿವೆ ಕಾದು, ಸಮುದ್ರದ ತಣ್ಣನೆ ಗಾಳಿಯನ್ನು ಕೊಲ್ಲಿಯ ಬಾಯಾದ ಗೋಲ್ಡನ್ ಗೇಟ್ ಒಳಗಿಂದ ಎಳೆದುಕೊಳ್ಳುತ್ತದೆ. ಅದು ನೆಟ್ಟಗೆ ಬಂದು ಬಡಿಯೋದು ಬರ್ಕ್ಲಿಗೆ. 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಇಲ್ಲಿ ಮಾಮೂಲು. ಅಷ್ಟಕ್ಕೆ 155 ಏರಿಸಿದರೆ ದೋಣಿ ಮಗ್ಗುಲಾಗಿ ಮಲಗುತ್ತದೆ, ಮುಂದೆ ಹೋಗೋದಕ್ಕಿಂತ ಪಕ್ಕಕ್ಕೆ ಜಾರೋದೇ ಜಾಸ್ತಿ. ಅರ್ಧ ಸುತ್ತಿಟ್ಟರೆ ಹಾಯಿ ಗೋಣಿಚೀಲದ ಹಾಗೆ ಉಬ್ಬುತ್ತದೆ.

100ಕ್ಕೆ ಇದ್ಯಾವುದೂ ಇಲ್ಲ. ಪಕ್ಕದ ತಂತಿಗಳ ಒಳಗೇ ಬಿಗಿಯಬಹುದು, ಹಾಗಾಗಿ ಗಾಳಿಗೆ ಇನ್ನಷ್ಟು ಹತ್ತಿರ ಹಿಡಿದು ಓಡಿಸಬಹುದು. ಟ್ಯಾಕ್ ಅಂದರೆ ಕೈಯಲ್ಲೇ ಎರಡು ಎಳೆತ, ಮುಗೀತು.

135 ಸಾಲ ತಂದು ಒಂದು ದಿನ ನೋಡಿದೆವು. ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ.

ಗಾಳಿ ಬೆನ್ನಿಗಿದ್ದಾಗ 155 ಬೇಕೇ ಇಲ್ಲ, ಬಲೂನಿನ ಹಾಗೆ ಉಬ್ಬೋ ಸ್ಪಿನಕರ್ ಹಾಯಿ ಇದ್ದೇ ಇದೆ.

ಚಳಿಗಾಲದ 5-6 ನಾಟ್ ಗಾಳಿಯಲ್ಲಿ ಮಾತ್ರ 155 ಓಡುತ್ತದೆ, 100 ಸುಮ್ನೆ ನಿಂತುಬಿಡುತ್ತದೆ. ನಿಮ್ಮಲ್ಲಿ ಐದು ಜನ ಇದ್ದು, ಜನವರಿಯಲ್ಲೂ ರೇಸ್ ಮಾಡೋರಾದರೆ ದೊಡ್ಡದನ್ನೇ ತಗೊಳ್ಳಿ. ನಾವು ಮೂರೇ ಜನ, ಎರಡು ಹೊಸ ಹಾಯಿಗೆ ದುಡ್ಡೂ ಇಲ್ಲ. ಸೆಕೆಂಡ್‌ಹ್ಯಾಂಡ್ 100ರಲ್ಲಿ ಎರಡನೇ ಬೇಸಿಗೆ ನಡೀತಿದೆ.

155 ತೇಪೆ ಸಮೇತ ನನ್ನ ಗ್ಯಾರೇಜಿನಲ್ಲಿದೆ. ಜನವರಿಯಲ್ಲಿ ಏರಿಸುತ್ತೇವೆ ಅಂತಾರೆ ಪಾಲುದಾರರಿಬ್ಬರು. ಏರಿಸಲಿ, ಆಗ ನಾನು ಕುಮಟಾದಲ್ಲಿರುತ್ತೇನೆ.