ಚಿತ್ರದುರ್ಗದ ಕೋಟೆ ದಾರಿಯ ಸೈಕಲ್ ಶಾಪ್: ಗೇರ್ ಕೈಕೊಟ್ಟರೆ ಇಲ್ಲಿ ತೋರಿಸಿ

ಬ್ಯಾಗು ಕಟ್ಟಿಕೊಂಡು ಸೈಕಲ್ಲಿನಲ್ಲಿ ಊರೂರು ಸುತ್ತುವವರಿಗೆ ಪಂಕ್ಚರ್ ಅಂಥ ದೊಡ್ಡ ತಲೆನೋವಲ್ಲ. ಯಾವ ಹಳ್ಳಿಯಲ್ಲಾದರೂ ಹಾಕಿಕೊಡುತ್ತಾರೆ. ಗೇರ್ ಕೆಟ್ಟರೆ ಮಾತ್ರ ಕಷ್ಟ. ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ ಹೋಗುವವರು ಚಿತ್ರದುರ್ಗದ ಈ ಅಂಗಡಿಯನ್ನು ನೆನಪಿಟ್ಟುಕೊಳ್ಳಿ. ಪೇಟೆಯಿಂದ ಕೋಟೆ ಕಡೆ ಹೋಗುವ ದಾರಿಯಲ್ಲಿದೆ. ಬೋರ್ಡಿನ ಬಣ್ಣ ಪೂರ್ತಿ ಹೋಗಿದೆ, ಹೆಸರು ಓದಲು ಬರುವುದಿಲ್ಲ. ಮುಂದೆ ಹಳೇ ಟೈರುಗಳ ರಾಶಿ ಕಂಡರೆ ಅದೇ ಅಂತ ತಿಳಿಯಿರಿ.

ನಾನು, ನನ್ನ ತಮ್ಮ ದಾವಣಗೆರೆಯಿಂದ ವಾಣಿವಿಲಾಸ ಸಾಗರಕ್ಕೆ ಹೊರಟಿದ್ದೆವು. ಭರಮಸಾಗರ ದಾಟಿದ ಮೇಲೆ ಲಾರಿಗಳ ಸದ್ದು ಸಾಕಾಗಿ ಹೊಲದ ದಾರಿ ಹಿಡಿದೆವು. ರಾತ್ರಿ ಮಳೆ ಬಂದಿತ್ತು. ಎರೆ ಮಣ್ಣು ಹಸಿಯಾದರೆ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ ಅಲ್ವಾ? ಟೈರಿಗೆ ಮೆತ್ತಿ, ಫ್ರೇಮಿನ ಸಂದಿಗೆ ತುಂಬಿ, ಕೊನೆಗೆ ಹುಲ್ಲು ಕಲ್ಲು ಎಲ್ಲಾ ಸೇರಿ ನನ್ನ ಹಿಂದಿನ ಡಿರೇಲರನ್ನು (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎಳೆದುಬಿಟ್ಟಿತು. ಒಬ್ಬ ರೈತರು ಪಂಪ್‌ಸೆಟ್ ಹಾಕಿಕೊಟ್ಟರು. ಚೆನ್ನಾಗಿ ತೊಳೆದೆವು. ಆದರೂ ದೊಡ್ಡ ಸ್ಪ್ರಾಕೆಟ್‌ಗಳಿಗೆ (ಹಿಂದಿನ ಚಕ್ರದ ಹಲ್ಲುಚಕ್ರಗಳು) ಚೈನ್ ಹೋದರೆ ಕರಕರ ಸದ್ದು. ಒಂದು ಗೇರ್ ಒತ್ತಿದರೆ ಎರಡು ಹಾರುತ್ತಿತ್ತು. ಕೇಬಲ್ಲಿನ ತುದಿಯ ತಿರುಪು ತಿರುಗಿಸಿ ದೊಡ್ಡ ಕಡೆ ಸರಿ ಮಾಡಿದರೆ ಸಣ್ಣ ಕಡೆ ಕೆಡುತ್ತಿತ್ತು. ದಾರಿಯಲ್ಲಿ ಒಂದು ಕಡೆ ತೋರಿಸಿದಾಗ ಎರಡು ಸ್ಕ್ರೂ ತಿರುಗಿಸಿ ದುಡ್ಡು ತೆಗೆದುಕೊಂಡರು. ಅರ್ಧ ಗಂಟೆಗೆ ಮತ್ತೆ ಅದೇ ಕಥೆ.

ಇಲ್ಲಿನ ಯಜಮಾನರು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಸೈಕಲ್ಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಸುಮ್ನೆ ನೋಡಿದರು. "ನೋಡವ್ವ, ಕೆಳಗಿನ ಗಾಲಿ ಒಳಕ್ಕೆ ವಾಲೈತೆ. ಹ್ಯಾಂಗರ್ ಬೆಂಡಾಗೈತೆ. ಇದಕ್ಕೆ ಸ್ಕ್ರೂ ತಿರುಗಿಸಿ ಏನು ಮಾಡ್ತಿ?" ಅಂದರು. ಹ್ಯಾಂಗರ್ ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು. ಡಿರೇಲರಿನ ಎರಡು ಪುಟ್ಟ ಗಾಲಿಗಳು ಸ್ಪ್ರಾಕೆಟ್ಟಿನ ನೇರಕ್ಕೆ ನಿಲ್ಲಬೇಕು. ನನ್ನದರಲ್ಲಿ ಓರೆಯಾಗಿದ್ದವು. ಅದು ಹಾಗೇ ಇದ್ದಾಗ ಅತಿ ದೊಡ್ಡ ಸ್ಪ್ರಾಕೆಟ್ಟಿಗೆ ಹಾಕಿ ಏರು ಹತ್ತಿದರೆ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಸಿಕ್ಕಿಕೊಂಡು ಚಕ್ರವೇ ಹಾಳಾಗಬಹುದಿತ್ತು. ಆದ್ದರಿಂದ ನೇರ ಮಾಡುವವರೆಗೆ ಆ ಗೇರ್ ಮುಟ್ಟಬಾರದು ಅಂತ ತಮ್ಮನಿಗೂ ಹೇಳಿದರು.

ಹ್ಯಾಂಗರ್ ನೇರ ಮಾಡಲು ಉದ್ದ ಕೈಯಿನ ಒಂದು ಟೂಲ್ ಬರುತ್ತದೆ. ಇವರ ಹತ್ತಿರ ಅದಿಲ್ಲ. ಇವರು ಮಾಡಿದ್ದು ನೋಡಿ ನಾನು ದಂಗಾದೆ. ಮೂಲೆಯಿಂದ ಒಂದು ಹಳೇ ಗೇರ್ ಸೈಕಲ್ಲಿನ ಹಿಂದಿನ ಚಕ್ರ ತಂದರು. ಡಿರೇಲರ್ ಬಿಚ್ಚಿ, ಆ ಚಕ್ರದ ಆಕ್ಸಲ್ (ನಡುವಿನ ಸರಳು) ತುದಿಯನ್ನು ಹ್ಯಾಂಗರಿನ ತೂತಿಗೆ ನೇರವಾಗಿ ತಿರುಪಿ ಕೂರಿಸಿದರು. ಎರಡರದ್ದೂ ಒಂದೇ ಥ್ರೆಡ್, 10 ಮಿ.ಮೀ. ದಪ್ಪ, ಸುತ್ತಿನಿಂದ ಸುತ್ತಿಗೆ 1 ಮಿ.ಮೀ. ಅಂತರ. ಗೇರಿಲ್ಲದ ಊರ ಸೈಕಲ್ಲಿನ ಚಕ್ರ ಇದಕ್ಕೆ ಆಗುವುದಿಲ್ಲವಂತೆ, ಅದರ ಥ್ರೆಡ್ ಇಂಚಿನ ಲೆಕ್ಕದ್ದು. ಈಗ ನನ್ನ ಚಕ್ರ, ಅವರ ಚಕ್ರ ಅಕ್ಕಪಕ್ಕ ನಿಂತವು. ಎರಡೂ ರಿಮ್‌ಗಳ ನಡುವಿನ ಅಂತರವನ್ನು ಮೇಲೆ, ಕೆಳಗೆ, ಹಿಂದೆ, ಮುಂದೆ ಸ್ಕೇಲಿನಲ್ಲಿ ಅಳೆದರು. ಎಲ್ಲಿ ಕಡಿಮೆ ಇತ್ತೋ ಅಲ್ಲಿ ಹಳೇ ಚಕ್ರವನ್ನೇ ಹಿಡಿದು ಮೆಲ್ಲಗೆ ಹೊರಕ್ಕೆ ಎಳೆದರು. ಮತ್ತೆ ಅಳೆದರು. ಎಲ್ಲಾ ಕಡೆ ಸಮ ಬರುವವರೆಗೂ ಬಿಡಲಿಲ್ಲ. ಅಲ್ಯೂಮಿನಿಯಂ ಹ್ಯಾಂಗರ್ ಆದ್ದರಿಂದ ಒಮ್ಮೆಲೇ ಜಗ್ಗಿದರೆ ಮುರಿಯುತ್ತದೆ. ಪದೇ ಪದೇ ಬಗ್ಗಿಸಿದರೂ ಉಳಿಯುವುದಿಲ್ಲ. "ಇದು ಊರು ಸೇರಕ್ಕೆ. ಹೋದ ಮೇಲೆ ಹೊಸದು ಹಾಕಿಸ್ಕೋ ತಾಯಿ" ಅಂದರು.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಚೈನ್ ಸವೆದು ಹಿಗ್ಗಿದೆಯಾ ಅಂತ ನೋಡಲು ಅದರ ಮೇಲೆ 12 ಇಂಚಿನ ಸ್ಟೀಲ್ ಸ್ಕೇಲ್ ಇಟ್ಟರು. ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಟ್ಟರೆ 12ಕ್ಕೆ ಸರಿಯಾಗಿ ಇನ್ನೊಂದು ಪಿನ್ನಿನ ನಡುಮಧ್ಯ ಬರಬೇಕು. ಒಂದು ಇಂಚಿನ 16ರಲ್ಲಿ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಿಸುವ ಕಾಲ. 8ರಲ್ಲಿ ಒಂದು ಭಾಗ ಹೋಗಿದ್ದರೆ ಸ್ಪ್ರಾಕೆಟ್ಟಿನ ಹಲ್ಲೂ ಸವೆದಿರುತ್ತದೆ, ಬರೀ ಚೈನ್ ಹೊಸದು ಹಾಕಿದರೆ ಜಾರುತ್ತದೆ. ನನ್ನದು ಅಷ್ಟು ಹಿಗ್ಗಿರಲಿಲ್ಲ. ನನ್ನ 8 ಗೇರಿನ ಸೈಕಲ್ಲಿಗೆ ಆಗುವ ಹೊಸ ಚೈನ್ ಅವರ ಗೋಡೆಯಲ್ಲೇ ನೇತಾಡುತ್ತಿತ್ತು, ಆದರೂ ಮಾರಲು ನೋಡಲಿಲ್ಲ. ನನಗೆ ಈ ಅಂಗಡಿ ಹಿಡಿಸಿದ್ದು ಇದಕ್ಕೇ. ಮೊದಲು ಕಾಯಿಲೆ ಏನು ಅಂತ ನೋಡುತ್ತಾರೆ, ಆಮೇಲೆ ಕೈ ಹಾಕುತ್ತಾರೆ.

ತಮ್ಮನ ಸೈಕಲ್ಲಿನದು ಬೇರೆ ತೊಂದರೆ. ತುಳಿಯುವಾಗ ಒಂದು ಲೆಕ್ಕದ ಹಾಗೆ ಆಗಾಗ ಚೈನ್ ಟಕ್ ಅಂತ ಹಾರುತ್ತಿತ್ತು. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ನೋಡಿ, ಬಿಗಿಯಾದ ಒಂದು ಕೊಂಡಿ ಹುಡುಕಿದರು. ಪಕ್ಕಕ್ಕೆ ಅತ್ತಿತ್ತ ಬಗ್ಗಿಸಿ ಸಡಿಲ ಮಾಡಿದರು. ಐದು ನಿಮಿಷದ ಕೆಲಸ. ಅದಕ್ಕೆ ದುಡ್ಡು ಬೇಡ ಅಂದರು. ನನ್ನ ಹ್ಯಾಂಗರಿಗೆ 150 ರೂಪಾಯಿ ಕೊಟ್ಟೆ. ಅಷ್ಟು ಹೊತ್ತಿನ ಕೆಲಸಕ್ಕೆ ಅದು ಜಾಸ್ತಿಯಂತೂ ಅಲ್ಲ.

ಜೋಗಿಮಟ್ಟಿ ಕಡೆಯ ಏರಿನಲ್ಲಿ ಲಗೇಜ್ ಸಮೇತ ಪರೀಕ್ಷೆ ಮಾಡಿದೆವು. ಅತಿ ಹಗುರ ಗೇರಿನಲ್ಲೂ ಒಂದು ಸದ್ದಿಲ್ಲ.

ಕೊರತೆಗಳೂ ಇವೆ, ಅವನ್ನೂ ಹೇಳಬೇಕು. 10, 11 ಗೇರಿನ ಸಾಮಾನು ಇಲ್ಲಿ ಸಿಗುವುದಿಲ್ಲ. ಚೈನಿನ ಕ್ವಿಕ್ ಲಿಂಕ್ (ತುಂಡಾದ ಚೈನ್ ಜೋಡಿಸುವ ಕೊಂಡಿ) ಗೇರಿನ ಲೆಕ್ಕಕ್ಕೆ ತಕ್ಕದ್ದೇ ಬೇಕು, ಅದನ್ನು ನೀವೇ ಜೊತೆಗೆ ತನ್ನಿ. ಹ್ಯಾಂಗರ್ ಅಂತೂ ಒಂದೊಂದು ಫ್ರೇಮಿಗೆ ಒಂದೊಂದು ನಮೂನೆ, ಅದನ್ನು ಯಾವ ಅಂಗಡಿಯವರೂ ಇಟ್ಟುಕೊಳ್ಳಲು ಆಗುವುದಿಲ್ಲ. ಸೈಕಲ್ ಕೊಳ್ಳುವಾಗಲೇ ಒಂದು ಹೆಚ್ಚಿಗೆ ತೆಗೆದುಕೊಂಡು ಬ್ಯಾಗಿನಲ್ಲಿ ಹಾಕಿಕೊಳ್ಳಿ, ಭಾರವೇನೂ ಇಲ್ಲ. ಇನ್ನೊಂದು, ಕೆಲಸ ಮುಗಿದ ಮೇಲೆ ಅಂಗಡಿಯ ಹುಡುಗ ಗಾಡಿಯಿಂದ ತೆಗೆದ ಸುಟ್ಟ ಆಯಿಲ್ ಡಬ್ಬಿ ಹಿಡಿದು ಬರುತ್ತಾನೆ. ಪ್ರೀತಿಯಿಂದಲೇ ಬರುತ್ತಾನೆ, ಆದರೆ ಬೇಡ ಅನ್ನಿ. ಈ ಬಯಲುಸೀಮೆಯ ಧೂಳೆಲ್ಲಾ ಆ ಜಿಡ್ಡಿಗೆ ಅಂಟಿ ಚೈನನ್ನು ಅರದ ಹಾಗೆ ಉಜ್ಜಿ ತಿನ್ನುತ್ತದೆ. ನಿಮ್ಮದೇ ಚೈನ್ ಆಯಿಲ್ ಇದ್ದರೆ ಕೊಡಿ. ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿಬಿಟ್ಟರೆ ಸಾಕು.

ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಆದ್ದರಿಂದ ಬೆಳಿಗ್ಗೆಯೇ ಹೋಗಿ. ಮಣ್ಣು ಮೆತ್ತಿದ ಸೈಕಲ್ ಆದರೆ ತೊಳೆದುಕೊಂಡು ಹೋಗಿ, ಅಲ್ಲಿ ನೀರಿನ ಅನುಕೂಲ ಕಡಿಮೆ. ಫೋನಿನಲ್ಲೇ ದುಡ್ಡು ಹಾಕಬಹುದು.