ರ‍್ಯಾಲಿ ಕಿಟ್ ಹಾಕಿದ ಎಕ್ಸ್‌ಪಲ್ಸ್: ದೀರ್ಘ ಬಳಕೆಯ ಅನುಭವ

ಬೈಕು ಹೀರೋ ಎಕ್ಸ್‌ಪಲ್ಸ್ 200 4ವಿ, ಅದಕ್ಕೆ, ಕಚ್ಚಾದಾರಿಯ ದೂರದ ಓಟದ ಸ್ಪರ್ಧೆಗೆ ಬೈಕನ್ನು ಸಜ್ಜುಗೊಳಿಸುವ ಭಾಗಗಳ ಗುಚ್ಛವಾದ, ಕಂಪನಿಯದೇ ರ‍್ಯಾಲಿ ಕಿಟ್. ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡಗಳಲ್ಲಿ ಅಭ್ಯಾಸ, ಅವಕಾಶ ಸಿಕ್ಕಾಗ ಹವ್ಯಾಸಿಗಳ ವರ್ಗದಲ್ಲಿ ಸ್ಪರ್ಧೆ. ಕೆಲವು ವರ್ಷಗಳಿಂದ ಇದೇ ನಡೆದಿದೆ. ಕಿಟ್‌ಗೆ ಕೊಟ್ಟ ದುಡ್ಡು ಸಾರ್ಥಕವೇ ಎಂದು ಕೇಳುವವರು ಬಹಳ. ಸಾರ್ಥಕ, ಅದೂ ಸಸ್ಪೆನ್ಷನ್ ಒಂದಕ್ಕೇ. ಉಳಿದ ಕೆಲಸ ನಿಮ್ಮ ಸ್ಪ್ಯಾನರ್‌ನದು.

ಮೂಲ ಬೈಕಿನಲ್ಲಿ ಸಸ್ಪೆನ್ಷನ್ ಚಲನೆ (ಚಕ್ರ ಮೇಲೆ-ಕೆಳಗೆ ಆಡುವ ದೂರ) ಮುಂದೆ 190 ಮಿ.ಮೀ., ಹಿಂದೆ 170. ಕಿಟ್ ಹಾಕಿದ ಮೇಲೆ 250 ಮತ್ತು 220. ಬರೆದು ನೋಡಿದರೆ ಐದಾರು ಸೆಂಟಿಮೀಟರ್ ಅಷ್ಟೇ. ಮಳೆನೀರು ಕೊರೆದ ಹಳ್ಳದ ಅಂಚಿನಿಂದ ಹಾರಿ ಬಿದ್ದಾಗ ಮಣಿಕಟ್ಟಿಗೆ ಅದರ ಬೆಲೆ ಗೊತ್ತಾಗುತ್ತದೆ. ಆದರೆ ಜೋಡಿಸಿಕೊಂಡು ಹೊರಟುಬಿಟ್ಟರೆ ಪ್ರಯೋಜನವಿಲ್ಲ. ಹೆಲ್ಮೆಟ್, ಬೂಟು, ನೀರಿನ ಚೀಲ, ಉಪಕರಣಗಳ ಸಮೇತ ಕುಳಿತು ಒಬ್ಬರ ಕೈಗೆ ಟೇಪು ಕೊಡಿ. ಹಿಂಭಾಗ ಒಟ್ಟು ಚಲನೆಯ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ, ಅಂದರೆ 65ರಿಂದ 70 ಮಿ.ಮೀ. ತಗ್ಗಬೇಕು. ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿತ) ಎಷ್ಟು ತಿರುಗಿಸಿದರೂ ಹೆಚ್ಚು ತಗ್ಗುತ್ತಿದ್ದರೆ ನಿಮ್ಮ ತೂಕಕ್ಕೆ ಗಟ್ಟಿ ಸ್ಪ್ರಿಂಗ್ ಬೇಕೆಂದೇ ಅರ್ಥ. ಈ ಅರ್ಧ ಗಂಟೆಯ ಕೆಲಸ ಮಾಡದೆ ಸೈಲೆನ್ಸರ್ ಬದಲಾಯಿಸಲು ಓಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇರುವುದೇ ಸುಮಾರು 19 ಅಶ್ವಶಕ್ತಿ. ಸದ್ದು ಹೆಚ್ಚಾದರೆ ಅದೇನು ಇಪ್ಪತ್ತೈದಾಗುವುದಿಲ್ಲ.

ಎತ್ತರದ ಮಾತು ಬೇರೆ. ಸೀಟು 890 ಮಿ.ಮೀ. ಆಸುಪಾಸಿಗೆ ಏರುತ್ತದೆ. ಕಾಲು ಗಿಡ್ಡವಾದವರು ಇಳಿಜಾರಿನಲ್ಲಿ ನಿಲ್ಲಿಸುವ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳಬೇಕು.

ಬೈಕು ರ‍್ಯಾಲಿ ಮುಗಿಸದೇ ಇರಲು ಮುಖ್ಯ ಕಾರಣ ಎಂಜಿನ್ ಅಲ್ಲ, ಧೂಳು ಮತ್ತು ಪಂಕ್ಚರ್. ನಾನು ಎಣ್ಣೆ ಹಚ್ಚಿದ ಸ್ಪಂಜಿನ ಏರ್ ಫಿಲ್ಟರ್ ಬಳಸುತ್ತೇನೆ, ಅದು ಕೂರುವ ಅಂಚಿಗೆ ತೆಳುವಾಗಿ ಗ್ರೀಸ್ ಸವರುತ್ತೇನೆ. ದಿನದ ಓಟ ಮುಗಿದ ಮೇಲೆ ಫಿಲ್ಟರ್ ತೆಗೆದು, ಒಳಕೊಳವೆಯಲ್ಲಿ ಬಿಳಿ ಬಟ್ಟೆ ಆಡಿಸಿ ನೋಡಿ. ಬಟ್ಟೆಗೆ ಕೆಂಪು ಹತ್ತಿದರೆ ಎಲ್ಲೋ ಸಂದಿಯಿದೆ, ಆ ಮಣ್ಣು ಪಿಸ್ಟನ್‌ವರೆಗೂ ಹೋಗುತ್ತಿದೆ. ಹೊಸ ಫಿಲ್ಟರ್ ಹಾಕುವ ಮೊದಲು ಆ ಸಂದಿಯನ್ನು ಹುಡುಕಿ.

ಟೈರುಗಳು ಟ್ಯೂಬಿನವು: ಮುಂದೆ 21 ಇಂಚು, ಹಿಂದೆ 18. ಹಿಡಿತಕ್ಕಾಗಿ ಗಾಳಿ ಇಳಿಸಿದರೆ ಟೈರು ರಿಮ್‌ನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನೇ ಕಿತ್ತುಹಾಕುತ್ತದೆ. ಆದ್ದರಿಂದ ಹಿಂಚಕ್ರಕ್ಕೆ, ಟೈರನ್ನು ರಿಮ್ಮಿಗೆ ಒತ್ತಿಹಿಡಿಯುವ ರಿಮ್ ಲಾಕ್, ಎರಡಕ್ಕೂ ದಪ್ಪ ಟ್ಯೂಬ್ ಕಡ್ಡಾಯ. ಬೆನ್ನಿನ ಚೀಲದಲ್ಲಿ 21 ಇಂಚಿನ ಟ್ಯೂಬ್ ಒಂದೇ ಸಾಕು. ಆಪತ್ತಿನಲ್ಲಿ ಅದನ್ನೇ ಮಡಿಸಿ ಹಿಂದಕ್ಕೂ ತುರುಕಿ ಕ್ಯಾಂಪ್ ಸೇರಬಹುದು. ಸ್ಪೋಕ್‌ಗಳನ್ನು ಪ್ರತಿ ಸಂಜೆ ಸ್ಪ್ಯಾನರ್‌ನಿಂದ ಮೀಟಿ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ದಬ್ ಎನ್ನುತ್ತದೆ.

ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ವಿಷಯದಲ್ಲಿ ಪೂರ್ತಿ ಸಮಾಧಾನವಿಲ್ಲ. ಮುಂದೆ ಒಂದು ಹಲ್ಲು ಕಡಿಮೆಯಿದ್ದರೆ ಮರಳಿನಲ್ಲಿ ಚೆನ್ನಾಗಿ ಎಳೆಯುತ್ತದೆ, ಆದರೆ ಸ್ಪರ್ಧೆಯ ಒಂದು ಹಂತದಿಂದ ಇನ್ನೊಂದಕ್ಕೆ ಹೆದ್ದಾರಿಯಲ್ಲಿ ಹೋಗುವಾಗ ಎಂಜಿನ್ ಅರಚುತ್ತಲೇ ಇರುತ್ತದೆ. ಎರಡೂ ಬೇಕೆಂದರೆ ಸಿಗುವುದಿಲ್ಲ.

ದಾರಿ ತೋರಿಸುವ ವ್ಯವಸ್ಥೆ ಕಿಟ್‌ನಲ್ಲಿಲ್ಲ. ದಾರಿಯ ತಿರುವುಗಳನ್ನು ದೂರದ ಸಮೇತ ಬರೆದ ಕಾಗದದ ಸುರುಳಿಯ ರೋಡ್‌ಬುಕ್ ಇರುವ ಸ್ಪರ್ಧೆಗೆ ಅದರ ಪೆಟ್ಟಿಗೆಯನ್ನೂ ಕ್ರಮಿಸಿದ ದೂರ ತೋರಿಸುವ ಟ್ರಿಪ್‌ಮೀಟರನ್ನೂ ಬೇರೆಯಾಗಿ ಕೊಳ್ಳಬೇಕು. ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಪೆಟ್ಟಿಗೆಯೊಂದರ ಮೋಟಾರು ಧೂಳು ಕುಡಿದು ನಡುದಾರಿಯಲ್ಲೇ ನಿಂತಿತು. ಕೈಯಲ್ಲಿ ತಿರುಗಿಸುವ ಗುಬುಟೂ ಇರುವಂಥದ್ದನ್ನೇ ಕೊಳ್ಳಿ. ಟೈರು ಬದಲಾದಾಗಲೆಲ್ಲ ಟ್ರಿಪ್‌ಮೀಟರನ್ನು ಸರಿಹೊಂದಿಸಿ. ಶೇ. 1ರಷ್ಟು ತಪ್ಪಿದರೂ ನೂರು ಕಿ.ಮೀ. ಕಳೆಯುವಷ್ಟರಲ್ಲಿ ಒಂದು ಕಿ.ಮೀ. ವ್ಯತ್ಯಾಸ, ಅಷ್ಟರೊಳಗೆ ನಾಲ್ಕು ಕವಲುಗಳಿರುತ್ತವೆ.

ಟ್ಯಾಂಕ್ 13 ಲೀಟರ್. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ಎಂಬ ಕಠಿಣ ಅಂತರರಾಷ್ಟ್ರೀಯ ಕಚ್ಚಾದಾರಿ ಸ್ಪರ್ಧೆಯನ್ನು ಮುಗಿಸಿದ ಮೊದಲ ಭಾರತೀಯರಾದ ಮೇಲೆ ನಮ್ಮಲ್ಲೂ ಅನೇಕರಿಗೆ ಡಾಕರ್ ಕನಸು ಹತ್ತಿದೆ. ಅಲ್ಲಿನ 450 ಸಿಸಿ ಬೈಕುಗಳು ಮೂವತ್ತು ಲೀಟರಿಗೂ ಹೆಚ್ಚು ಇಂಧನ ಹೊರುತ್ತವೆ ಎಂದು ಇದಕ್ಕೂ ಹೆಚ್ಚುವರಿ ಟ್ಯಾಂಕ್ ಕಟ್ಟಿಸಬೇಡಿ. ನಮ್ಮ ಸ್ಪರ್ಧೆಗಳ ಅಂತರಕ್ಕೆ 13 ಸಾಕು. ಆ ದುಡ್ಡಿಗೆ ಒಳ್ಳೆಯ ಬೂಟು ಬರುತ್ತದೆ.